ತಂಗಿಯ ಬಾಣಂತನಕ್ಕೆ ಹೋಗಿ ನಾನು ಮಲಗಿದ್ದು

ಮಿಶ್ರಿಕೋಟಿ

ನನ್ನಂಥವಳಿಗೆ ಪಾಸ್‌ಪೋರ್ಟ್ ಬಂದದ್ದೇ ತಂಗಿ ಸವಿತಾ ಬಸಿರಾದ ದೆಸೆಯಿಂದ. ಇಲ್ಲದಿದ್ದರೆ ಮಿಶ್ರಿಕೋಟಿಯಲ್ಲಿ ಬ್ಲೌಸ್ ಹೊಲಿಯುವ ನನ್ನ ಭೂಗೋಳ ಒಂದು ಕಡೆ ಕಲಘಟಗಿ, ಇನ್ನೊಂದು ಕಡೆ ಹುಬ್ಬಳ್ಳಿ, ಅಲ್ಲಿಗೆ ಮುಗಿಯುತ್ತಿತ್ತು. ಬಿ.ಎ.ಗೆ ಕನ್ನಡ ಓದಿದ್ದೇನೆ. ಅದರ ಉಪಯೋಗ ಇಷ್ಟು ವರ್ಷ ಅಳತೆ ಪುಸ್ತಕದಲ್ಲಿ ಗಿರಾಕಿಗಳ ಹೆಸರನ್ನು ತಪ್ಪಿಲ್ಲದೆ ಬರೆಯುವುದಕ್ಕೆ ಆಗಿದೆ. ಈಗ ಈ ಕಥೆ ಬರೆಯುವುದಕ್ಕೂ ಆಗಲಿ.

ಸವಿತಾ ನನಗಿಂತ ಹದಿಮೂರು ವರ್ಷ ಚಿಕ್ಕವಳು. ಅವಳೂ ಅವಳ ಗಂಡ ಮಂಜುವೂ ವಿಯೆಟ್ನಾಮಿನಲ್ಲಿ ಯೋಗ ಕಲಿಸುತ್ತಾರೆ. ಕುಂದಗೋಳದ ಹುಡುಗ ವಿಯೆಟ್ನಾಮಿನವರಿಗೆ ಉಸಿರಾಡುವುದನ್ನು ಕಲಿಸುತ್ತಾನೆಂದರೆ ನಮ್ಮ ಮನೆಯವರು, ನನ್ನ ಗಂಡ, ಇವತ್ತಿಗೂ ನಗುತ್ತಾರೆ. ಅಷ್ಟು ದಿನ ಆ ಜನ ಹೇಗೆ ಉಸಿರಾಡುತ್ತಿದ್ದರೋ ಎಂದು ಅವರ ಪ್ರಶ್ನೆ. ಮದುವೆಯಾಗಿ ಎಂಟು ವರ್ಷಕ್ಕೆ ಸವಿತಾ ಬಸಿರಾದಳು. ವಿಮಾನ ಹತ್ತುವುದು ಬೇಡ ಎಂದು ಅಲ್ಲಿನ ಡಾಕ್ಟರು ಹೇಳಿದರು. ಹೀಗಾಗಿ ಅವಳು ತವರಿಗೆ ಬರುವ ಬದಲು ತವರೇ ಅವಳ ಹತ್ತಿರ ಹೋಗಬೇಕಾಯಿತು. ಅವ್ವ ತೀರಿಹೋಗಿ ನಾಲ್ಕು ವರ್ಷವಾಗಿದ್ದರಿಂದ ತವರು ಎಂದರೆ ಈಗ ನಾನೇ.

ಬಾಣಂತನ ನನಗೆ ಹೊಸದಲ್ಲ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯಲು ನನ್ನನ್ನೇ ಕರೆಯುತ್ತಾರೆ. ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಹಾಕಿ, ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡದ ಶೇಗಡಿಯಿಟ್ಟು ಅಜವಾನದ ಹೊಗೆ ಕೊಡುವುದು ನನ್ನ ಕೈಗೆ ಬಂದ ವಿದ್ಯೆ. ಆದರೆ ನನ್ನದೇ ಎರಡನೆಯ ಬಾಣಂತನ ಒಂಬತ್ತು ದಿನಕ್ಕೆ ಮುಗಿದಿತ್ತು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹತ್ತನೆಯ ದಿನ ನಾನು ಒಲೆಯ ಮುಂದಿದ್ದೆ, ಹದಿನೈದನೆಯ ದಿನ ಹೊಲಿಗೆ ಮಿಷನ್ನಿನ ಮುಂದೆ. ಅವ್ವನಿಗೆ ಅದು ಕಡೆಯವರೆಗೂ ಕೊರೆಯಿತು. ತೀರಿಹೋದ ವರ್ಷವೂ ನನ್ನ ಕೈ ಹಿಡಿದು ಅದನ್ನೇ ಹೇಳಿದ್ದಳು.

"ನೀ ಒಂಬತ್ತನೇ ದಿನಾ ಎದ್ದಿ. ಸವಿತಾನ್ನ ಹಂಗ ಏಳಗೊಡಬ್ಯಾಡ ಮತ್ತ. ನಲವತ್ತ ದಿನಾ ಮಲಗಸು."

ಆಯಿತು ಅಂದಿದ್ದೆ. ಆಗ ಸುಲಭವಾಗಿತ್ತು. ಆದರೆ ಈ ಎರಡು ವರ್ಷದಿಂದ ನನ್ನ ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಮುಟ್ಟು ನಿಲ್ಲುವ ವಯಸ್ಸು. ಮೂರು ತಾಸಿನ ಮೇಲೆ ನಿದ್ದೆಯಿಲ್ಲ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಹಸಿವು ಎನ್ನುವುದು ಯಾವಾಗ ಹೋಯಿತೋ ಗೊತ್ತಿಲ್ಲ. ತಾಟು ಮುಂದೆ ಬಂದಾಗ ಉಣ್ಣುತ್ತೇನೆ, ಅಷ್ಟೆ. ಹುಬ್ಬಳ್ಳಿಯ ಡಾಕ್ಟರು ರಕ್ತ ತಪಾಸಣೆ ಮಾಡಿ ಏನೂ ಇಲ್ಲ, ವಿಶ್ರಾಂತಿ ತೆಗೆದುಕೊಳ್ಳಿ ಎಂದಾಗ ನಗು ಬಂತು. ನಮ್ಮಲ್ಲಿ ಹೆಂಗಸು ಹಗಲಿನಲ್ಲಿ ಅರ್ಧ ತಾಸು ಅಡ್ಡಾದರೆ ಬಾಗಿಲಿಗೆ ಬಂದವರೆಲ್ಲ ಒಂದೇ ಮಾತು ಕೇಳುತ್ತಾರೆ: "ಆರಾಮ ಇಲ್ಲೇನ?" ಆ ಪ್ರಶ್ನೆಗೆ ಹತ್ತು ಮಂದಿಗೆ ಉತ್ತರ ಹೇಳುವುದಕ್ಕಿಂತ ಎದ್ದು ನಾಲ್ಕು ಬ್ಲೌಸಿಗೆ ಹುಕ್ಕು ಹಚ್ಚುವುದೇ ಹಗುರ.

ಹೀಗಾಗಿ ನಲವತ್ತು ದಿನ ನನ್ನಿಂದ ಆಗುತ್ತದೋ ಇಲ್ಲವೋ ಎಂಬ ಅಂಜಿಕೆಯನ್ನು ಯಾರ ಮುಂದೂ ಬಾಯಿಬಿಡಲಿಲ್ಲ. ಸವಿತಾಳ ಮುಂದಂತೂ ಇಲ್ಲವೇ ಇಲ್ಲ. ಬಾಣಂತಿ ತಿನ್ನುವ ಅಂಟಿನುಂಡಿ ಕಟ್ಟಿದೆ. ಅಂಟು, ಒಣಖೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಎಲ್ಲ ಹಾಕಿದೆ. ಗಸಗಸೆ ಮಾತ್ರ ಬೇಡ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ ಎಂದು ಸವಿತಾ ಫೋನಿನಲ್ಲಿ ಮೂರು ಸಲ ತಾಕೀತು ಮಾಡಿದ್ದಳು. ಗಸಗಸೆಯಿಲ್ಲದ ಅಂಟಿನುಂಡಿ ಕಟ್ಟುವಾಗ ತೋಳಿಲ್ಲದ ಬ್ಲೌಸ್ ಹೊಲಿದಷ್ಟೇ ಸಂಕಟವಾಯಿತು.

ವಿಮಾನ ನಿಲ್ದಾಣದ ಮೇಜು

ಉಂಡಿ ಒಡೆದಾವು ಎಂದು ಡಬ್ಬಿಯನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ಬೆಂಗಳೂರಿನ ತಪಾಸಣೆಯ ಯಂತ್ರಕ್ಕೆ ಅದು ಹಿಡಿಸಲಿಲ್ಲ. ಸಮವಸ್ತ್ರದ ಹೆಣ್ಣುಮಗಳೊಬ್ಬಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ತುಪ್ಪದ ವಾಸನೆಗೆ ಸಾಲಿನಲ್ಲಿ ನಿಂತವರ ತಲೆಗಳೆಲ್ಲ ತಿರುಗಿದವು. ಜತೆಗಿದ್ದ ಪೊಟ್ಟಣಗಳಲ್ಲಿ ಅಜವಾನ, ಒಣಶುಂಠಿ, ಬಾಣಂತಿಯ ಕಿವಿಗೆ ಹತ್ತಿ. ಪಕ್ಕದಲ್ಲಿ ಸುತ್ತಿಟ್ಟ ನವಲಗುಂದದ ಚಿಕ್ಕ ಜಮಖಾನ, ಸವಿತಾಳ ಮನೆಯ ಮಾಲಕಿಗೆ ಕೊಡಲೆಂದು ಒಯ್ಯುತ್ತಿದ್ದುದು. ಎಲ್ಲವೂ ಬಿಚ್ಚಿಕೊಂಡು ಮಲಗಿದವು.

ಅವಳು ಉತ್ತರ ಭಾರತದ ಕಡೆಯವಳು. ಉಂಡಿ ನೋಡಿ ಗುರುತು ಹಿಡಿದಳು. ಅವರ ಊರಲ್ಲೂ ಬಾಣಂತಿಗೆ ಇದನ್ನೇ ಕೊಡುತ್ತಾರಂತೆ. ಒಂದು ತಿನ್ನು ತಂಗಿ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಡ್ಯೂಟಿಯ ಮೇಲೆ ತಿನ್ನುವಂತಿಲ್ಲ ಎಂದು ನಕ್ಕು, ನೀವು ತಿಂದಿರಾ, ಹೇಗಾಗಿದೆ ಎಂದು ಕೇಳಿದಳು.

ಇಪ್ಪತ್ತೈದು ವರ್ಷದಿಂದ ಅಂಟಿನುಂಡಿ ಕಟ್ಟುತ್ತೇನೆ. ಅದು ಬಾಣಂತಿಯ ಪಾಲು. ಅವಳ ಡಬ್ಬಿಗೆ ಬೇರೆಯವರು ಕೈ ಹಾಕಬಾರದು ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಹದ ನೋಡುವುದಿದ್ದರೂ ಬೆರಳಲ್ಲಿ ಒತ್ತಿ ನೋಡುತ್ತೇನೆ, ಬಾಯಿಗೆ ಹಾಕುವುದಿಲ್ಲ. ಚಲೋ ಆಗಿವೆ ಎಂದು ಹೇಳಿ ಮುಚ್ಚಳ ಹಾಕಿಕೊಂಡೆ.

ಕ್ವಿ ನ್ಯೊನ್, ನಡುಮಧ್ಯಾಹ್ನ

ಸವಿತಾಳ ಊರು ಸಮುದ್ರದ ದಂಡೆಯಲ್ಲಿದೆ. ಹೆಸರು ಕ್ವಿ ನ್ಯೊನ್. ಮಂಜು ನನ್ನನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೊರಟಾಗ ಗಂಟೆ ಒಂದಾಗಿತ್ತು. ಕಿಟಕಿಯಿಂದ ನೋಡುತ್ತ ನೋಡುತ್ತ ನನಗೆ ಗಾಬರಿಯಾಯಿತು. ಅಂಗಡಿಯ ಹೆಂಗಸು ಗಲ್ಲಾಪೆಟ್ಟಿಗೆಯ ಪಕ್ಕ ಚಾಪೆ ಹಾಸಿಕೊಂಡು ಮಲಗಿದ್ದಾಳೆ. ಬಾಡಿಗೆ ಮೋಟರ್‌ಸೈಕಲ್ಲಿನವನು ಸೀಟಿನ ಮೇಲೆ ಬೆನ್ನು ಚಾಚಿ, ಹ್ಯಾಂಡಲ್ಲಿನ ಮೇಲೆ ಕಾಲಿಟ್ಟು, ಬೀಳದೆ ನಿದ್ದೆ ಹೊಡೆಯುತ್ತಿದ್ದಾನೆ. ಕಾಯಿಪಲ್ಲೆ ಮಾರುವವಳು ಟೊಮೆಟೊ ಬುಟ್ಟಿಗಳ ನಡುವೆ, ಮುಖದ ಮೇಲೆ ಹುಲ್ಲಿನ ಟೋಪಿ. ಒಂದಿಡೀ ಊರು ಅಡ್ಡಾಗಿತ್ತು. ಏನಾದರೂ ಜ್ವರ ಬಂದು ಹೋಗಿದೆಯೇ ಎಂದು ಮಂಜುವನ್ನು ಕೇಳಬೇಕೆಂದುಕೊಂಡೆ. ಅವನೂ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ.

ಮನೆ ಮುಟ್ಟಿದೆವು. ಕೆಳಗೆ ಮಾಲಕಿಯ ಮನೆ, ಮೇಲೆ ಸವಿತಾಳದು. ಮಂಜು ಸಾಮಾನು ಇಳಿಸುವಷ್ಟರಲ್ಲಿ ನಾನು ಪಡಸಾಲೆಗೆ ಕಾಲಿಟ್ಟೆ. ಅಲ್ಲಿ ಬಲೆಯಂಥ ತೂಗುಹಾಸಿಗೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಕಣ್ಣು ಮುಚ್ಚಿ ಬಾಯಿ ತೆರೆದು ಮಲಗಿದ್ದಳು. ಮನೆಯಲ್ಲಿ ಬೇರೆ ಯಾರೂ ಕಾಣಲಿಲ್ಲ. ಹಗಲು ಹೊತ್ತಿನಲ್ಲಿ ಒಬ್ಬ ಹೆಂಗಸು ಹಾಗೆ ಬಿದ್ದುಕೊಂಡಿದ್ದರೆ ಮಿಶ್ರಿಕೋಟಿಯವಳು ಏನು ಮಾಡಬೇಕೋ ಅದನ್ನೇ ಮಾಡಿದೆ. ಹತ್ತಿರ ಹೋಗಿ ಹಣೆ ಮುಟ್ಟಿ ನೋಡಿದೆ.

ಅಜ್ಜಿ ಒಂದು ಕಣ್ಣು ತೆರೆದಳು. ನಾನು ಕೈ ತೆಗೆಯುವಷ್ಟರಲ್ಲಿ ಮಣಿಕಟ್ಟು ಹಿಡಿದುಕೊಂಡಳು. ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇನ್ನೊಂದು ಕೈಯಿಂದ ನನ್ನ ಹಣೆ ಮುಟ್ಟಿ, ಏನೋ ಗೊಣಗಿ, ಮತ್ತೆ ಕಣ್ಣು ಮುಚ್ಚಿದಳು. ಮೆಟ್ಟಿಲ ಮೇಲೆ ತುಂಬು ಬಸುರಿ ಸವಿತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಅಕ್ಕಾ, ಆಕಿಗೇನೂ ಆಗಿಲ್ಲ. ಇಲ್ಲೆ ಮಧ್ಯಾಹ್ನ ಉಂಡಮ್ಯಾಲ ಎಲ್ಲಾರೂ ಮಲಗ್ತಾರ."

ಎಲ್ಲಾರೂ ಅಂದರೆ ಗಂಡಸರಾ ಎಂದು ಕೇಳಿದೆ. ಎಲ್ಲಾರೂ ಅಂದಳು. ಬ್ಯಾಂಕಿನವರೂ ಮೇಜಿನ ಕೆಳಗೆ ಚಾಪೆ ಇಟ್ಟುಕೊಂಡಿರುತ್ತಾರಂತೆ. ನಾನು ನಂಬಲಿಲ್ಲ. ಆ ಅಜ್ಜಿಯೇ ಮನೆಯ ಮಾಲಕಿ, ಹೆಸರು ಲಾನ್. ಸಂಜೆ ಅವಳಿಗೆ ಜಮಖಾನ ಕೊಟ್ಟೆ. ಎರಡೂ ಬದಿ ತಿರುಗಿಸಿ ನೋಡಿ, ನೇಯ್ದ ನವಿಲುಗಳ ಮೇಲೆ ಬೆರಳಾಡಿಸಿ, ಎದೆಗೆ ಅವಚಿಕೊಂಡು ಒಳಗೆ ಹೋದಳು.

ಕೂಸು ಬಂದ ವಾರ

ನಾಲ್ಕನೆಯ ದಿನ ಹೆಣ್ಣು ಕೂಸು ಹುಟ್ಟಿತು. ಮತ್ತೆ ಮೂರು ದಿನಕ್ಕೆ ತಾಯಿ, ಕೂಸು ಆಸ್ಪತ್ರೆಯಿಂದ ಮನೆಗೆ ಬಂದರು. ಆ ಹೊತ್ತಿಗೆ ನಾನೂ ಲಾನ್ ಅಜ್ಜಿಯೂ ಭಾಷೆಯಿಲ್ಲದೆಯೇ ಒಂದು ಪಕ್ಷ ಕಟ್ಟಿದ್ದೆವು. ನಾನು ಕಿವಿಗೆ ಹತ್ತಿ ತೆಗೆದರೆ ಅವಳೂ ಹತ್ತಿಯನ್ನೇ ತಂದಿದ್ದಳು. ನಾನು ತಲೆಗೆ ಕಟ್ಟಲು ವಸ್ತ್ರ ಹುಡುಕಿದರೆ ಅವಳ ಕೈಯಲ್ಲಿ ಅದು ಸಿದ್ಧ. ತಂಪು ನೀರು ಬೇಡ, ಫ್ಯಾನು ಬೇಡ, ಕಾಲಿಗೆ ಸಾಕ್ಸು ಬೇಕು. ಅಂಗಳದಲ್ಲಿ ಅವಳು ಇದ್ದಿಲು ಹೊತ್ತಿಸುವುದನ್ನು ಕಂಡು ನನಗೆ ಕಣ್ಣೀರೇ ಬಂತು. ಬಾಣಂತಿಯನ್ನು ಬಿದಿರಿನ ಸೀಳುಗಳ ಮಂಚದ ಮೇಲೆ ಮಲಗಿಸಿ ಕೆಳಗೆ ಕೆಂಡ ಇಡುವುದು ಅವರಲ್ಲೂ ಇದೆಯಂತೆ. ಎಲ್ಲಿಯ ಮಿಶ್ರಿಕೋಟಿ, ಎಲ್ಲಿಯ ಕ್ವಿ ನ್ಯೊನ್. ಹೆಂಗಸರ ಬೆನ್ನು ಮಾತ್ರ ಎಲ್ಲ ಊರಲ್ಲೂ ಒಂದೇ ಜಾಗದಲ್ಲಿ ನೋಯುತ್ತದೆ.

ಪಕ್ಷ ಒಡೆದದ್ದು ನೀರಿನ ವಿಷಯಕ್ಕೆ. ನಮ್ಮಲ್ಲಿ ಬಾಣಂತಿಗೆ ದಿನವೂ ಸುಡುಸುಡು ನೀರು ಎರೆಯಬೇಕು. ಲಾನ್ ಅಜ್ಜಿಯ ಪ್ರಕಾರ ಬಾಣಂತಿ ಒಂದು ತಿಂಗಳು ತಲೆಗೆ ನೀರು ಮುಟ್ಟಿಸಕೂಡದು. ನಿಂಬೆಯ ವಾಸನೆಯ ಮಜ್ಜಿಗೆಹುಲ್ಲು ಹಾಕಿ ಕುದಿಸಿದ ನೀರಿನ ಹಬೆ ಸಾಕು. ನಾನು ದೊಡ್ಡ ಪಾತ್ರೆ ಒಲೆಯ ಮೇಲಿಟ್ಟರೆ ಅವಳು ಬಂದು ಇಳಿಸುವಳು. ಅವಳು ಅತ್ತ ಹೋದರೆ ನಾನು ಮತ್ತೆ ಇಡುವೆ. ಜಗಳಕ್ಕೆ ಮಾತು ಬೇಕಲ್ಲ ಎಂದು ಮಂಜು ಫೋನಿನಲ್ಲಿ ಭಾಷಾಂತರದ ವ್ಯವಸ್ಥೆ ಮಾಡಿಕೊಟ್ಟ. ನನ್ನ ಮನೆಮಾತು ಫೋನಿಗೆ ಹತ್ತಲಿಲ್ಲ. ರೇಡಿಯೊ ವಾರ್ತೆ ಓದುವವರ ಹಾಗೆ "ಬಾಣಂತಿಯು ಸ್ನಾನ ಮಾಡತಕ್ಕದ್ದು" ಎಂದು ಹೇಳಿದಾಗಲೇ ಅದು ಬಾಯಿಬಿಟ್ಟದ್ದು. ಅಜ್ಜಿಯ ಉತ್ತರವೂ ಹಾಗೇ ಬಂತು: "ನೀವು ಆಕೆಯನ್ನು ಕೊಲ್ಲಲು ಬಂದಿರುವಿರಾ?"

ಕಡೆಗೆ ಸವಿತಾಳೇ ಹಾಸಿಗೆಯಿಂದ ತೀರ್ಪು ಕೊಟ್ಟಳು. ಕೂಸಿರುವ ಕೋಣೆಯಲ್ಲಿ ಕೆಂಡ, ಹೊಗೆ ಬೇಡವೆಂದು ನರ್ಸ್ ಹೇಳಿದ್ದಾಳೆ, ಅದು ಬೇಡ. ಇನ್ನುಳಿದದ್ದಕ್ಕೆ ಅವಳ ಮಾತು ಇಷ್ಟೇ:

"ನನ್ನ ಮೈ ನನಗ ಹೇಳತೈತಿ. ಬೇಕ ಅನಿಸಿದಾಗ ನಾನ ಕೇಳ್ತೀನಿ. ನೀವಿಬ್ರೂ ಸುಮ್ಮ ಕೂಡ್ರಿ."

ಯೋಗ ಕಲಿಸುವವಳ ಜಂಬ ಎಂದು ನನಗೆ ಸಿಟ್ಟು ಬಂತು. ಮೈ ಹೇಳುವುದನ್ನು ಕೇಳುತ್ತ ಕೂತರೆ ಮನೆಗಳು ನಡೆಯುತ್ತವೆಯೇ? ನನ್ನ ಮೈ ಏನಾದರೂ ಹೇಳಿ ಎಷ್ಟು ವರ್ಷವಾಯಿತೆಂದು ನೆನಪಿಸಿಕೊಳ್ಳಲು ನೋಡಿದೆ, ನೆನಪಾಗಲಿಲ್ಲ.

ಪಾತ್ರೆ ಬಿದ್ದ ದಿನ

ಐದು ದಿನ ನಾನೇ ಅಡಿಗೆ, ನಾನೇ ಬಟ್ಟೆ, ನಾನೇ ಕೂಸು. ಮಂಜು ಕೈ ಹಾಕಲು ಬಂದರೆ ಗಂಡಸರ ಕೆಲಸವಲ್ಲ ಎಂದು ಓಡಿಸುತ್ತಿದ್ದೆ. ಮಧ್ಯಾಹ್ನ ಊರೆಲ್ಲ ಮಲಗಿದಾಗ ನಾನೊಬ್ಬಳೇ ಅಡಿಗೆಮನೆಯಲ್ಲಿ ಡಬ್ಬಿಗಳನ್ನು ತಿಕ್ಕುತ್ತಿದ್ದೆ. ತಿಕ್ಕುವ ಅಗತ್ಯವೇನೂ ಇರಲಿಲ್ಲ. ಸುಮ್ಮನೆ ಕೂತರೆ ಎಲ್ಲಿ ತಲೆ ಸುತ್ತುತ್ತದೋ ಎಂಬ ಅಂಜಿಕೆ.

ಆರನೆಯ ದಿನ ಬೆಳಿಗ್ಗೆ ಕೂಸಿನ ಬಟ್ಟೆಗೆಂದು ಕಾಯಿಸಿದ ನೀರಿನ ಪಾತ್ರೆ ಎತ್ತಿ ಬಚ್ಚಲಿಗೆ ಹೊರಟೆ. ಬಾಗಿಲ ಹತ್ತಿರ ಕಣ್ಣಿಗೆ ಕತ್ತಲೆ ಬಂತು. ಪಾತ್ರೆ ಕೈಜಾರಿತು. ನೀರು ನನ್ನ ಕಾಲ ಮೇಲೆ ಬೀಳಲಿಲ್ಲ, ಪುಣ್ಯ. ಕೂಸು ಕೋಣೆಯಲ್ಲಿತ್ತು, ಇನ್ನೂ ದೊಡ್ಡ ಪುಣ್ಯ. ಸಪ್ಪಳಕ್ಕೆ ಸವಿತಾ ಎದ್ದು ಬಂದಳು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದೆ.

"ಅಕ್ಕಾ, ಖರೇ ಹೇಳು. ಎಷ್ಟ ದಿನದಿಂದ ಹಿಂಗ ಆಗಾಕತ್ತೈತಿ?"

"ಏನೂ ಆಗಿಲ್ಲ. ನೆಲಾ ಜಾರಿತು."

"ನೀರ ಚೆಲ್ಲೂದಕ್ಕ ಮೊದಲ ನೆಲಾ ಒಣಗಿತ್ತು," ಅಂದಳು ಸವಿತಾ.

ಸಹಾಯಕ್ಕೆ ಒಬ್ಬಳನ್ನು ಕರೆಸುತ್ತೇನೆ ಎಂದಳು. ಹಾಗಾದರೆ ನಾನು ಯಾಕೆ ಬಂದೆ ಎಂದು ಕೇಳಿದೆ. ನನ್ನ ಧ್ವನಿ ಏರಿತ್ತು. ಅವ್ವನಿಗೆ ಕೊಟ್ಟ ಮಾತಿನ ಸಂಗತಿ ಹೇಳಿಬಿಟ್ಟೆ. ನಲವತ್ತು ದಿನದಲ್ಲಿ ಒಂಬತ್ತು ದಿನವೂ ನನ್ನಿಂದ ಆಗಲಿಲ್ಲವಲ್ಲ ಎಂದು ನೆಲದ ಮೇಲೆ ಕೂತೇ ಅತ್ತೆ. ಬಾಣಂತಿ ಅಳಬಾರದು, ಅವಳ ಮುಂದೆ ಯಾರೂ ಅಳಬಾರದು ಎಂದು ಓಣಿಗೆಲ್ಲ ಬುದ್ಧಿ ಹೇಳುವವಳು ನಾನೇ. ಸವಿತಾಳೂ ಪಕ್ಕದಲ್ಲಿ ಕೂತು ಅತ್ತಳು. ಒಳಗೆ ಕೂಸೂ ಶುರುಮಾಡಿತು. ಆ ಗದ್ದಲಕ್ಕೆ ಲಾನ್ ಅಜ್ಜಿ ಮೆಟ್ಟಿಲೇರಿ ಬಂದಳು.

ಬಿದಿರಿನ ಮಂಚ

ಅಜ್ಜಿ ಮೂವರನ್ನೂ ನೋಡಿದಳು. ಕೂಸನ್ನು ಎತ್ತಿ ಸವಿತಾಳ ಕೈಗೆ ಕೊಟ್ಟಳು, ಅವಳನ್ನು ಹಾಸಿಗೆಗೆ ಕಳಿಸಿದಳು, ನನ್ನ ರಟ್ಟೆ ಹಿಡಿದು ಕೆಳಗೆ ಕರೆದುಕೊಂಡು ಹೋದಳು. ಹಿತ್ತಲಿನ ತೆರೆದ ಪಡಸಾಲೆಯಲ್ಲಿ ಸವಿತಾಳಿಗೆಂದು ತರಿಸಿದ್ದ ಬಿದಿರಿನ ಮಂಚ ಖಾಲಿ ಬಿದ್ದಿತ್ತು. ಅದರ ಮೇಲೆ ನಾನು ಕೊಟ್ಟ ಜಮಖಾನವನ್ನೇ ಹಾಸಿದಳು. ಕೆಳಗೆ ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ಕೆಂಡ ತಂದಿಟ್ಟಳು. ಆಮೇಲೆ ಫೋನು ಬಾಯಿಯ ಹತ್ತಿರ ಹಿಡಿದು ಮಾತಾಡಿದಳು. ಫೋನು ಗಂಭೀರವಾಗಿ ಕನ್ನಡದಲ್ಲಿ ಹೇಳಿತು:

"ನಿಮ್ಮ ಸಹೋದರಿಯು ಕೆಂಡವನ್ನು ನಿರಾಕರಿಸಿದ್ದಾಳೆ. ಇದ್ದಿಲು ವ್ಯರ್ಥವಾಗಬಾರದು. ಆದ್ದರಿಂದ ನೀವು ಮಲಗಿರಿ."

ನಾನು ಬಾಣಂತಿಯಲ್ಲ, ನನಗೆ ಐವತ್ತು ಎಂದು ಫೋನಿಗೆ ಹೇಳಿದೆ. ಅಜ್ಜಿ ತಲೆಯಾಡಿಸಿದಳು. ಮೊದಲ ದಿನವೇ ಅವಳಿಗೆ ತಿಳಿದಿತ್ತಂತೆ. ಹೆರಿಗೆಯ ಹಾಸಿಗೆಯಿಂದ ಬೇಗ ಎದ್ದವರು ಹೀಗೆ ಸೊಂಟದ ಮೇಲೆ ಕೈಯಿಟ್ಟೇ ಏಳುತ್ತಾರೆ ಎಂದು ಎದ್ದು ತೋರಿಸಿದಳು. ಅಗದಿ ನನ್ನಂತೆಯೇ ಎದ್ದಳು. ಸವಿತಾ ಹೇಳಿಕೊಟ್ಟಿರಬೇಕು ಎಂದುಕೊಂಡೆ. ಇಲ್ಲವೆಂದು ಸವಿತಾ ಇವತ್ತಿಗೂ ಆಣೆ ಮಾಡುತ್ತಾಳೆ.

ಆಮೇಲೆ ಅಜ್ಜಿ ತನ್ನ ಕಥೆ ಹೇಳಿದಳು. ಯುದ್ಧದ ಕಾಲದಲ್ಲಿ ಅವಳಿಗೆ ಮೊದಲ ಮಗ ಹುಟ್ಟಿದ. ಊರು ಬಿಟ್ಟು ನಡೆಯಬೇಕಾಗಿತ್ತು. "ನಾನು ಐದನೆಯ ದಿನ ಎದ್ದೆನು. ಮೂವತ್ತು ವರ್ಷಗಳ ನಂತರ ನನ್ನ ಅಕ್ಕ ನನ್ನನ್ನು ಮಲಗಿಸಿದಳು," ಎಂದಿತು ಫೋನು. ಅಜ್ಜಿ ಜಮಖಾನವನ್ನು ತಟ್ಟಿದಳು. ತಡವಾದರೂ ನಡೆಯುತ್ತದೆ ಎಂಬ ಹಾಗೆ.

ಮಲಗಿದೆ. ನಮ್ಮ ಮನೆಯಲ್ಲೂ ನವಲಗುಂದದ ಜಮಖಾನವಿದೆ. ಬೀಗರು ಬಂದಾಗ ಮಾತ್ರ ಬಿಚ್ಚಿ ಹಾಸುತ್ತೇವೆ, ಝಾಡಿಸಿ ಸುತ್ತಿಡುವುದು ನಾನೇ. ಅದರ ಮೇಲೆ ಬೆನ್ನು ಹಚ್ಚಿದ್ದು ಅದೇ ಮೊದಲು. ಬಿದಿರಿನ ಸಂದಿಯಿಂದ ಕಾವು ಮೆಲ್ಲಗೆ ಏರಿ ಸೊಂಟಕ್ಕೆ ತಾಗಿದಾಗ ಅವ್ವಾ ಎಂಬ ಉದ್ಗಾರ ತಾನಾಗಿ ಹೊರಟಿತು.

ಮೊದಲ ಎರಡು ದಿನ ಮಲಗಿದಲ್ಲಿಂದಲೇ ಸಂಸಾರ ಮಾಡಿದೆ. ಹಾಲು ಉಕ್ಕೀತು, ಒಣಹಾಕಿದ ದುಪ್ಪಟಿ ಹಾರೀತು, ಮಂಜು ಅನ್ನ ಸೀಯಿಸಿಯಾನು ಎಂದು ಕೂಗುತ್ತಿದ್ದೆ. ಹಾಲು ಉಕ್ಕಲಿಲ್ಲ. ಅನ್ನವನ್ನು ಮಂಜು ಎರಡು ಸಲ ಸೀಯಿಸಿದ, ಮೂರನೆಯ ಸಲಕ್ಕೆ ಚಲೋ ಮಾಡಿದ. ಎದ್ದು ಕೂತರೆ ಅಜ್ಜಿ ಎಲ್ಲಿಂದಲೋ ಪ್ರತ್ಯಕ್ಷವಾಗಿ ಭುಜ ಒತ್ತುವಳು. ಅವಳು ಶುಂಠಿ ಹಾಕಿದ ಗಂಜಿಯನ್ನು ಚಮಚೆಯಿಂದ ಕುಡಿಸುವಾಗ ನಾಚಿಕೆಯಾಗಿ ಮುಖ ತಿರುಗಿಸುತ್ತಿದ್ದೆ. ಎಷ್ಟೋ ಬಾಣಂತಿಯರಿಗೆ ನಾನು ಉಣಿಸಿದ್ದೇನೆ. ಉಣಿಸಿಕೊಳ್ಳುವುದೇ ಕಷ್ಟದ ಕೆಲಸವೆಂದು ಆಗ ಗೊತ್ತಾಯಿತು.

ಮೂರನೆಯ ದಿನ ಮಧ್ಯಾಹ್ನ ಉಂಡು ಕಣ್ಣು ಮುಚ್ಚಿದವಳಿಗೆ ಎಚ್ಚರವಾದಾಗ ಸಂಜೆಯ ಬಿಸಿಲು ಗೋಡೆಯ ಮೇಲಿತ್ತು. ಐದು ತಾಸು, ಕೆಂಡ ಯಾವಾಗಲೋ ಆರಿತ್ತು. ಪಕ್ಕದ ಚಾಪೆಯ ಮೇಲೆ ಸವಿತಾ, ಅವಳ ಮಗ್ಗುಲಲ್ಲಿ ಕೂಸು, ಆಚೆ ತೂಗುಹಾಸಿಗೆಯಲ್ಲಿ ಲಾನ್ ಅಜ್ಜಿ, ಎಲ್ಲರೂ ಮಲಗಿದ್ದರು. ಯಾರೂ ನನ್ನನ್ನು ಆರಾಮ ಇಲ್ಲವೇ ಎಂದು ಕೇಳಲಿಲ್ಲ. ಸುಮ್ಮನೆ ಅವರ ಉಸಿರಾಟ ಕೇಳುತ್ತ ಬಿದ್ದುಕೊಂಡಿದ್ದೆ. ಬಹಳ ದಿನದ ಮೇಲೆ ತಲೆಯಲ್ಲಿ ಏನೂ ಇರಲಿಲ್ಲ.

ಡಬ್ಬಿಗೆ ಕೈ ಹಾಕಿದ್ದು

ನಾನು ಮಲಗಿದ ಎಂಟನೆಯ ದಿನವೋ ಒಂಬತ್ತನೆಯ ದಿನವೋ ಇರಬೇಕು. ಬೆಳಗಿನ ಹೊತ್ತು ಎಚ್ಚರವಾಯಿತು. ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ ಆಯಿತು. ನೋವೆಂದುಕೊಂಡೆ. ಸ್ವಲ್ಪ ಹೊತ್ತು ಗಮನಿಸಿದ ಮೇಲೆ ತಿಳಿಯಿತು, ಅದು ಹಸಿವು. ಹಳೆಯ ಗೆಳತಿಯೊಬ್ಬಳು ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತಂತೆ ಆಯಿತು. ಬರಿಯ ಹಸಿವಲ್ಲ, ಏನು ಬೇಕೆಂಬುದೂ ಗೊತ್ತಿತ್ತು. ನನಗೆ ಅಂಟಿನುಂಡಿ ಬೇಕಾಗಿತ್ತು.

ಮೆತ್ತಗೆ ಮೆಟ್ಟಿಲು ಹತ್ತಿ ಅಡಿಗೆಮನೆಗೆ ಹೋದೆ. ಡಬ್ಬಿಯ ಮುಚ್ಚಳ ತೆಗೆಯುವಾಗ ಕಳ್ಳಿಯಂತೆ ಹಿಂದೆ ಮುಂದೆ ನೋಡಿದೆ. ಒಂದು ತೆಗೆದು ನಿಂತಲ್ಲೇ ಕಚ್ಚಿದೆ. ಅಂಟು ಕರುಂ ಎಂದಿತು. ಖೊಬ್ಬರಿ, ಬೆಲ್ಲ, ತುಪ್ಪ, ಹಿಂದಿನಿಂದ ಶುಂಠಿಯ ಖಾರ. ಇಪ್ಪತ್ತೈದು ವರ್ಷ ಇಷ್ಟು ರುಚಿಯಾದದ್ದನ್ನು ಕಟ್ಟಿ ಕಟ್ಟಿ ಊರಿಗೆ ಹಂಚಿದ್ದೇನೆ! ಗಸಗಸೆ ಇದ್ದಿದ್ದರೆ ಇನ್ನೂ ಚಲೋ ಆಗುತ್ತಿತ್ತು ಎಂದು ಯೋಚಿಸುತ್ತ ಎರಡನೆಯದಕ್ಕೆ ಕೈ ಹಾಕಿದೆ. ಹಿಂದೆ ಸಪ್ಪಳವಾಯಿತು. ಸವಿತಾ ಬಾಗಿಲಲ್ಲಿ ನಿಂತಿದ್ದಳು, ಅವಳ ಬೆನ್ನ ಹಿಂದೆ ಲಾನ್ ಅಜ್ಜಿ.

ಬಾಯಿ ತುಂಬ ಉಂಡಿ. ಬಾಣಂತಿಯ ಡಬ್ಬಿ ಎಂದು ತೊದಲಿದೆ.

"ಹೌದಲ್ಲ," ಅಂದಳು ಸವಿತಾ, "ಮತ್ತ ನೀ ಯಾರು?"

ಅಜ್ಜಿ ತನಗೂ ಒಂದು ಎಂದು ಕೈ ಚಾಚಿದಳು. ಮೂವರೂ ಅಡಿಗೆಮನೆಯ ನೆಲದ ಮೇಲೆ ಕೂತು ತಿಂದೆವು. ಅಜ್ಜಿಗೆ ನಾಲ್ಕೇ ಹಲ್ಲು ಗಟ್ಟಿಯಿದ್ದದ್ದರಿಂದ ಅಂಟನ್ನು ಚೀಪಿದಳು.

ತಾನಾಗಿ ಎದ್ದದ್ದು

ಅಜ್ಜಿಯ ಲೆಕ್ಕದಲ್ಲಿ ನಾನು ಒಂದು ತಿಂಗಳು ಮಲಗಬೇಕಾಗಿತ್ತು. ಹದಿನೈದನೆಯ ಬೆಳಿಗ್ಗೆ ಕಣ್ಣು ಬಿಟ್ಟಾಗ ಸಾಕು ಅನಿಸಿತು. ಯಾರೋ ಕರೆದರೆಂದಲ್ಲ, ಕೆಲಸ ಬಿದ್ದಿದೆಯೆಂದಲ್ಲ. ಬಟ್ಟೆಯ ಮೇಲೆ ಕತ್ತರಿ ಎಲ್ಲಿ ನಿಲ್ಲಬೇಕೆಂದು ಕೈಗೆ ತಿಳಿಯುತ್ತದಲ್ಲ, ಹಾಗೆ ತಿಳಿಯಿತು. ಸವಿತಾ ಹೇಳಿದ್ದು ಜಂಬವಲ್ಲ. ಮೈ ಹೇಳುತ್ತದೆ, ಖರೆ. ನಾನು ಅದಕ್ಕೆ ಮಾತಾಡಲು ಬಿಟ್ಟಿರಲಿಲ್ಲ.

ಎದ್ದು ನಿಂತೆ. ಸೊಂಟದ ಮೇಲೆ ಕೈಯಿಡುವುದು ಮರೆತಿತ್ತು. ಅಜ್ಜಿ ಅದನ್ನು ನೋಡಿದಳು. ಬಂದು ನನ್ನ ಹಣೆ ಮುಟ್ಟಿ, ಈ ಸಲ ಗೊಣಗದೆ, ಕೆನ್ನೆಗೊಂದು ಹಗುರವಾಗಿ ತಟ್ಟಿ ಅಗ್ಗಿಷ್ಟಿಕೆ ಎತ್ತಿಕೊಂಡು ಹೋದಳು.

ಅದೇ ವಾರ ಸವಿತಾ ತಾನಾಗಿ ಕೇಳಿದಳು. "ಅಕ್ಕಾ, ಅವ್ವ ಎರೀತಿದ್ಲಲ್ಲಾ, ಹಂಗ ನೀರ ಹಾಕು ನನಗ."

ಎಣ್ಣೆ ಬಿಸಿಮಾಡಿದೆ. ಈ ಸಲ ದೊಡ್ಡ ಪಾತ್ರೆಯನ್ನು ನಾನು ಎತ್ತಲಿಲ್ಲ, ಮಂಜುವನ್ನು ಕರೆದೆ. ಗಂಡಸರ ಕೆಲಸವಲ್ಲ ಎಂದಿದ್ದವಳು ಇವಳೇ ಹೌದೋ ಅಲ್ಲವೋ ಎಂದು ಅವನು ನನ್ನ ಮುಖ ನೋಡಿದ. ಸವಿತಾಳ ನೆತ್ತಿಗೆ ಎಣ್ಣೆ ತಟ್ಟುವಾಗ ನನ್ನ ಅಂಗೈ ಅವ್ವನ ಅಂಗೈಯಂತೆಯೇ ಸಪ್ಪಳ ಮಾಡಿತು. ಅದು ಅವಳಿಗೂ ಕೇಳಿತೆಂದು ಕಾಣುತ್ತದೆ, ಕಣ್ಣು ಮುಚ್ಚಿ ನಕ್ಕಳು. ಲಾನ್ ಅಜ್ಜಿ ಬಚ್ಚಲ ಬಾಗಿಲಲ್ಲಿ ಎದೆ ಹಿಡಿದುಕೊಂಡು ನಿಂತಿದ್ದಳು. ಬಾಣಂತಿ ಸಾಯದೆ ಹೊರಗೆ ಬಂದದ್ದನ್ನು ಕಂಡು ಸಮಾಧಾನವಾಗಿ ಹೋಗಿ ಮಲಗಿದಳು.

ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆದೆ. ಮೊಣಕಾಲು ತಕರಾರು ಮಾಡಲಿಲ್ಲ. ಸವಿತಾ ನಲವತ್ತು ದಿನ ಮಲಗಿದಳು. ಅವ್ವನ ಮಾತು ನಡೆಯಿತು. ಅದಕ್ಕೆ ನಾನೊಬ್ಬಳೇ ಸಾಕಾಗಲಿಲ್ಲ, ಮಂಜು ಬೇಕಾದ, ಅಜ್ಜಿ ಬೇಕಾದಳು. ಅವ್ವ ನೀನೊಬ್ಬಳೇ ಮಾಡು ಎಂದೇನೂ ಹೇಳಿರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು. ಹೊರಡುವ ಹಿಂದಿನ ದಿನ ಊರ ಇಟ್ಟಿಗೆಯ ಹಳೆಯ ಗುಡಿ ನೋಡಿ ಬಂದೆ. ಅಲ್ಲಿ ಶಿವಲಿಂಗ ಇತ್ತಂತೆ ಎಂದು ಸವಿತಾ ಹೇಳಿದಳು. ನಾನು ನೋಡಿದ ಪ್ರೇಕ್ಷಣೀಯ ಸ್ಥಳ ಅದೊಂದೇ. ಅಲ್ಲಿಯ ಕಾವಲುಗಾರನೂ ನೆರಳಲ್ಲಿ ಮಲಗಿದ್ದ. ನಾನು ಅವನ ಹಣೆ ಮುಟ್ಟಲಿಲ್ಲ.

ಮತ್ತೆ ಮಿಶ್ರಿಕೋಟಿ

ಊರಿಗೆ ಬಂದ ಮೇಲೆ ಏನೇನು ನೋಡಿದಿ ಎಂದು ಎಲ್ಲರೂ ಕೇಳಿದರು. ಮಲಗಿದ್ದೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲವಾದ್ದರಿಂದ ಸಮುದ್ರ ಎಂದು ಹೇಳಿದೆ. ಮನೆಯವರಿಗೆ ಮಾತ್ರ ಎಲ್ಲ ಹೇಳಿದೆ. ಎರಡು ವರ್ಷದ ತಲೆಸುತ್ತು, ಬಿದ್ದ ಪಾತ್ರೆ, ಒಂಬತ್ತನೆಯ ದಿನ. ನನಗೇಕೆ ಹೇಳಲಿಲ್ಲ ಎಂದು ಅವರು ಒಂದೇ ಸಲ ಕೇಳಿದರು. ನನಗೇ ಗೊತ್ತಿರಲಿಲ್ಲ ಎಂದೆ. ಅದು ಮುಕ್ಕಾಲು ಪಾಲು ನಿಜ.

ಬಂದ ವಾರವೇ ಒಂದು ಡಬ್ಬಿ ಅಂಟಿನುಂಡಿ ಕಟ್ಟಿದೆ, ಗಸಗಸೆ ಹಾಕಿ. ಯಾರಿಗೆ ಹೆರಿಗೆ ಎಂದು ಓಣಿಯವರು ಕೇಳಿದರು. ನನಗೆ ಎಂದೆ. ತಮಾಷೆ ಎಂದುಕೊಂಡು ನಕ್ಕರು. ಬೀಗರ ಜಮಖಾನ ಬಿಚ್ಚಿ ಒಳಕೋಣೆಯಲ್ಲಿ ಹಾಸಿದೆ. ಈಗ ಅದು ದಿನವೂ ಅಲ್ಲೇ ಇರುತ್ತದೆ.

ಮೊನ್ನೆ ಮಧ್ಯಾಹ್ನ ಉಂಡು ಅದರ ಮೇಲೆ ಮಲಗಿದ್ದೆ. ಅರ್ಧ ನಿದ್ದೆ, ಅರ್ಧ ಎಚ್ಚರ. ಹೊರಗೆ ಶಾಂತಕ್ಕನ ಧ್ವನಿ ಕೇಳಿಸಿತು. ಎದುರು ಮನೆಯವಳು, ಬ್ಲೌಸಿನ ಅಳತೆ ಕೊಡಲು ಬಂದಿರಬೇಕು. ಗಿರಿಜಾ ಎಲ್ಲಿ ಎಂದು ಕೇಳಿದಳು. ಮಲಗಿದ್ದಾಳೆ ಎಂದರು ಮನೆಯವರು. ಶಾಂತಕ್ಕ ಧ್ವನಿ ತಗ್ಗಿಸಿದಳು.

"ಯಾಕೋ ತಮ್ಮಾ, ಆರಾಮ ಇಲ್ಲೇನ?"

ನಾನು ಏಳಲು ಕೈ ಊರಿದೆ. ಮೂವತ್ತು ವರ್ಷದ ಚಟ. ಅಷ್ಟರಲ್ಲಿ ಮನೆಯವರು ಹೇಳುವುದು ಕೇಳಿಸಿತು.

"ಆರಾಮ ಅದಾಳ್ರಿ ಶಾಂತಕ್ಕ. ಅದಕ್ಕ ಮಲಗ್ಯಾಳ."

ಊರಿದ ಕೈ ತೆಗೆದು ತಲೆಯ ಕೆಳಗಿಟ್ಟುಕೊಂಡೆ.